ಜೇನುನೊಣ ನೊಣವಲ್ಲ, ಜೇನುಹೇನು ಹೇನಲ್ಲ

ನನ್ನ ಕೀಟದ ಪೆಟ್ಟಿಗೆಯಲ್ಲಿ 'ಜೇನುನೊಣ' ಎಂದು ಚೀಟಿ ಚುಚ್ಚಿಟ್ಟ ಒಂದು ಹುಳ ಇತ್ತು. ಹಳದಿ-ಕಪ್ಪು ಪಟ್ಟೆ. ಹೂವಿನ ಮೇಲೆ ಸಿಕ್ಕಿದ್ದು. ಎಲ್ಲಿ ಕುಟುಕುತ್ತದೋ ಎಂದು ಹೆದರುತ್ತಲೇ ಹಿಡಿದಿದ್ದೆ. ಎರಡು ತಿಂಗಳ ನಂತರ, ಈ ವಿಷಯ ಚೆನ್ನಾಗಿ ಬಲ್ಲ ಗೆಳೆಯರೊಬ್ಬರು ಪೆಟ್ಟಿಗೆ ನೋಡಿ ನಗಲಿಲ್ಲ. "ರೆಕ್ಕೆ ಎಣಿಸಿದ್ರಾ?" ಎಂದಷ್ಟೇ ಕೇಳಿದರು. ಎಣಿಸಿರಲಿಲ್ಲ. ರೆಕ್ಕೆ ಯಾರು ಎಣಿಸ್ತಾರೆ? ಲೆನ್ಸ್ ಹಿಡಿದು ನೋಡಿದರೆ ನಾಲ್ಕು ಇರಬೇಕಾದ ಕಡೆ ಎರಡೇ. ಅದು ಜೇನಿನ ವೇಷ ಹಾಕಿಕೊಂಡ ನೊಣ. ಕುಟುಕೋಣ ಎಂದರೂ ಅದರ ಹತ್ತಿರ ಮುಳ್ಳೇ ಇಲ್ಲ.

ತಪ್ಪು ನನ್ನದೇ. ಆದರೂ ಸ್ವಲ್ಪ ಪಾಲನ್ನು ಭಾಷೆಯ ತಲೆಗೂ ಕಟ್ಟಬಹುದು ಅನಿಸುತ್ತದೆ. ನಾವು ಜೇನುನೊಣ ಎನ್ನುತ್ತೇವೆ. ಅದು ನೊಣವಲ್ಲ, ಇರುವೆ ಮತ್ತು ಕಣಜದ ಕಡೆಯದು. ಸೊಳ್ಳೆಯನ್ನು ಯಾರೂ ನೊಣ ಎಂದು ಕರೆಯುವುದಿಲ್ಲ. ಅದು ಮಾತ್ರ ಅಪ್ಪಟ ನೊಣದ ಬಳಗ. ಇನ್ನು ಜೇನಿನ ಬೆನ್ನ ಮೇಲೆ ಕೂತು ಸವಾರಿ ಮಾಡುವ ಜೇನುಹೇನು ಎಂಬ ಪುಟ್ಟ ಜೀವಿ ಇದೆ. ಅದು ಜೇನೂ ಅಲ್ಲ, ಹೇನೂ ಅಲ್ಲ, ನೊಣ! ಹೆಸರು ಒಂದು ದಾರಿ, ನೆಂಟಸ್ತಿಕೆ ಇನ್ನೊಂದು ದಾರಿ. ಈ ಎರಡನೆಯ ದಾರಿ ಹಿಡಿದು ಹೊರಟರೆ ಏನೇನು ಸಿಗುತ್ತದೆ ಎಂಬುದೇ ಕೆಲವು ವರ್ಷಗಳಿಂದ ನನಗೆ ಹತ್ತಿಕೊಂಡಿರುವ ಹುಚ್ಚು.

ಎರಡು ರೆಕ್ಕೆಯ ಲೆಕ್ಕ ಹಳೆಯದು. ಗ್ರೀಕರ ಅರಿಸ್ಟಾಟಲ್ ಆಗಲೇ 'ಎರಡು ರೆಕ್ಕೆಯವು' ಎಂಬ ಅರ್ಥದ ಪದ ಬಳಸಿದ್ದ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಅದನ್ನೇ ಡಿಪ್ಟೆರಾ ಎಂದು ಒಂದು ಗಣದ ಹೆಸರಾಗಿಸಿದ. ಮನೆನೊಣಕ್ಕೆ ಮುಸ್ಕಾ ಡೊಮೆಸ್ಟಿಕಾ ಎಂದು ಹೆಸರಿಟ್ಟದ್ದೂ ಆಗಲೇ. ಇಲ್ಲಿಯವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜಾತಿಯ ನೊಣಗಳಿಗೆ ಹೆಸರಿಡಲಾಗಿದೆ.

ಹಾಗಾದರೆ ಉಳಿದೆರಡು ರೆಕ್ಕೆ ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ಯಾವುದಾದರೂ ಸತ್ತ ನೊಣವನ್ನು ಲೆನ್ಸ್ ಕೆಳಗೆ ಇಟ್ಟು, ರೆಕ್ಕೆಯ ಬುಡದ ಹಿಂದೆ ನೋಡಿ. ಡೋಲಿನ ಕೋಲಿನಂಥದ್ದೊಂದು ಕಾಣುತ್ತದೆ. ಸಣ್ಣ ಕಡ್ಡಿ, ತುದಿಗೆ ಗುಂಡು. ಇದೇ ಹಾಲ್ಟೀರ್, ಅಂದರೆ ಹಿಂದಿನ ರೆಕ್ಕೆಯ ಇಂದಿನ ರೂಪ. ಹಾರುವಾಗ ಇದೂ ರೆಕ್ಕೆಯಂತೆಯೇ ಬಡಿಯುತ್ತದೆ. ಮೈ ಯಾವ ಕಡೆ ತಿರುಗಿತು, ಎಷ್ಟು ವಾಲಿತು ಎಂಬುದನ್ನು ನೊಣಕ್ಕೆ ತಿಳಿಸುತ್ತದೆ. ನೀವು ಎಷ್ಟೇ ವೇಗವಾಗಿ ಕೈ ಬೀಸಿದರೂ ಅದು ತಪ್ಪಿಸಿಕೊಳ್ಳುವುದರಲ್ಲಿ ಇದರ ಪಾಲೂ ಇದೆ. ಇದು ರೆಕ್ಕೆಯೇ ಎನ್ನಲು ಗಟ್ಟಿ ಸಾಕ್ಷಿ ಸಿಕ್ಕಿದ್ದು ಪ್ರಯೋಗಶಾಲೆಯ ಹಣ್ಣುನೊಣದಲ್ಲಿ. ಎಡ್ವರ್ಡ್ ಲೂಯಿಸ್ ಎಂಬ ವಿಜ್ಞಾನಿ ಅಲ್ಟ್ರಾಬೈಥೊರಾಕ್ಸ್ ಎಂಬ ಜೀನಿನ ಸುತ್ತಲ ಕೆಲವು ಬದಲಾವಣೆಗಳನ್ನು ಒಂದೇ ನೊಣದಲ್ಲಿ ಒಟ್ಟುಗೂಡಿಸಿದಾಗ, ಹಾಲ್ಟೀರ್ ಇರಬೇಕಾದ ಜಾಗದಲ್ಲಿ ಪೂರ್ತಿ ಇನ್ನೊಂದು ಜೊತೆ ರೆಕ್ಕೆ ಬಂತು. ನಾಲ್ಕು ರೆಕ್ಕೆಯ ನೊಣ! ಈ ಕೆಲಸಕ್ಕೆ ಅವರಿಗೆ 1995ರಲ್ಲಿ ನೊಬೆಲ್ ಸಿಕ್ಕಿತು.

ಇಷ್ಟರಲ್ಲಿ ನೊಣ ಯಾವುದು, ಯಾವುದಲ್ಲ ಎಂಬುದು ಗೊತ್ತಾಗುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ಈ ಒಂದೂವರೆ ಲಕ್ಷದಲ್ಲಿ ಯಾರಿಗೆ ಯಾರು ಹತ್ತಿರ?

ಹಳಬರು ಮೊದಲು ಕೈ ಹಾಕಿದ್ದು ಎದ್ದು ಕಾಣುವ ಗುರುತಿಗೆ. ಕೀಟತಜ್ಞ ಫ್ಯಾಬ್ರೀಸಿಯಸ್ ಬಾಯಿಯ ಭಾಗಗಳನ್ನು ಹಿಡಿದು ಗುಂಪು ಮಾಡಿದ. ಜರ್ಮನಿಯ ಮೈಗೆನ್ ಒಂದೇ ಗುರುತನ್ನು ನಂಬದೆ ಮೀಸೆ, ರೆಕ್ಕೆಯ ನರ, ಕಣ್ಣು ಎಲ್ಲವನ್ನೂ ಒಟ್ಟಿಗೆ ನೋಡಿದ. ಈಗಲೂ ನಾವು ಓದುವುದು ಹೆಚ್ಚುಕಡಿಮೆ ಮೈಗೆನ್ ಕಲಿಸಿದ ಹಾಗೆಯೇ. ರೆಕ್ಕೆಯ ನರಗಳಂತೂ ಒಂದು ಸಲ ಕಣ್ಣಿಗೆ ಅಭ್ಯಾಸವಾದರೆ ಅಂಗೈ ರೇಖೆಗಿಂತ ಸಲೀಸು. ನನ್ನ ಆ ನಕಲಿ ಜೇನಿನದ್ದೇ ನೋಡಿ. ಅದು ಸಿರ್ಫಿಡೆ ಎಂಬ ಕುಟುಂಬದ್ದು. ಅದರ ರೆಕ್ಕೆಯ ನಡುವೆ, ನಿಜವಾದ ಎರಡು ನರಗಳ ಮಧ್ಯೆ, ಇನ್ನೊಂದು ಗೆರೆ ಉದ್ದಕ್ಕೆ ಹೋಗುತ್ತದೆ. ಅದು ಎಲ್ಲಿಂದಲೂ ಹುಟ್ಟುವುದಿಲ್ಲ, ಯಾವ ನರಕ್ಕೂ ಸೇರುವುದಿಲ್ಲ. ಅದು ನರವೇ ಅಲ್ಲ, ರೆಕ್ಕೆಯ ಪೊರೆ ಗಟ್ಟಿಯಾಗಿ ಆದ ಒಂದು ಮಡಿಕೆ. ಅದಕ್ಕೇ ಅದಕ್ಕೆ 'ಸುಳ್ಳು ನರ' ಎಂಬ ಅರ್ಥದ ಲ್ಯಾಟಿನ್ ಹೆಸರಿದೆ. ಹಳದಿ ಪಟ್ಟೆ ಕಂಡು ಮೋಸಹೋದ ನನಗೆ ಸತ್ಯ ಹೇಳಿದ್ದು ಒಂದು ಸುಳ್ಳು ನರ.

ಗುರುತು ಹಿಡಿಯುವುದಕ್ಕೆ ಇಷ್ಟು ಸಾಕು. ಆದರೆ ಗುರುತು ಹಿಡಿಯುವುದೇ ಬೇರೆ, ನೆಂಟಸ್ತಿಕೆ ಹೇಳುವುದೇ ಬೇರೆ. ಈ ವ್ಯತ್ಯಾಸ ನನ್ನ ತಲೆಗೆ ಹೋಗಲು ತುಂಬಾ ದಿನ ಹಿಡಿಯಿತು.

ಬಹಳ ಕಾಲ ನೊಣಗಳನ್ನು ಎರಡು ಪಾಲು ಮಾಡುತ್ತಿದ್ದರು. ಸೊಳ್ಳೆ, ಗುಂಗುರಿನಂಥ, ಉದ್ದ ಮೀಸೆಯವು ಒಂದು ಕಡೆ: ನೆಮಟೋಸೆರಾ. ಮನೆನೊಣ, ಕುದುರೆನೊಣದಂಥ ಗಿಡ್ಡ ಮೀಸೆಯವು ಇನ್ನೊಂದು ಕಡೆ: ಬ್ರಾಕಿಸೆರಾ. ನೋಡಲು ಎಷ್ಟು ಚೊಕ್ಕ! ಆದರೆ ಒಂದು ಪ್ರಶ್ನೆ. ನೊಣಗಳ ಮೂಲಪುರುಷನ ಮೀಸೆ ಹೇಗಿತ್ತು? ಹಲವು ಗೆಣ್ಣಿನ ಉದ್ದ ಮೀಸೆಯೇ ಇತ್ತು. ಅಂದರೆ ಉದ್ದ ಮೀಸೆಯವರೆಲ್ಲ ಮಾಡಿದ್ದು ಇಷ್ಟೇ: ಅಜ್ಜನ ಕಾಲದ್ದನ್ನು ಬಿಡದೆ ಇಟ್ಟುಕೊಂಡರು. ಹಳೆಯದನ್ನು ಇಟ್ಟುಕೊಂಡ ಮಾತ್ರಕ್ಕೆ ಅವರವರೇ ಹತ್ತಿರದವರಾಗುವುದಿಲ್ಲ, ಅಲ್ವಾ? ಒಂದು ಊರಿನಲ್ಲಿ ಹತ್ತು ಮನೆಯವರು ಹೊಸಮನೆ ಕಟ್ಟದೆ ಹಳೆಮನೆಯಲ್ಲೇ ಇದ್ದಾರೆ ಎಂದು ಅವರೆಲ್ಲ ಅಣ್ಣತಮ್ಮಂದಿರು ಎಂದಂತಾಯಿತು. ನಿಜಕ್ಕೂ ಬಿಬಿಯೊ ಎಂಬ ಉದ್ದ ಮೀಸೆ ಗುಂಪಿನ ನೊಣ ಸೊಳ್ಳೆಗಿಂತ ಮನೆನೊಣಕ್ಕೇ ಹತ್ತಿರದ ದಾಯಾದಿ. ಬ್ರಾಕಿಸೆರಾ ಒಂದೇ ಬೇರಿನ ಕೊಂಬೆ. ನೆಮಟೋಸೆರಾ ಎಂಬುದು ಉಳಿದವರನ್ನೆಲ್ಲ ತುಂಬಿದ ಚೀಲ.

ಇದನ್ನು ಇಷ್ಟು ಖಡಕ್ಕಾಗಿ ಹೇಳಿದವರು ವಿಲ್ಲಿ ಹೆನ್ನಿಗ್. ಜರ್ಮನಿಯವರು, ಜೀವನಪೂರ್ತಿ ನೊಣಗಳನ್ನೇ ನೋಡಿದವರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯದ ಮಲೇರಿಯಾ ಕೆಲಸದಲ್ಲಿದ್ದಾಗ 1945ರಲ್ಲಿ ಇಟಲಿಯಲ್ಲಿ ಬ್ರಿಟಿಷರಿಗೆ ಸೆರೆಸಿಕ್ಕರು. ಸೆರೆಯಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಯೋಚನೆ ಬರೆದಿಟ್ಟರು. ಅದೇ ಬೆಳೆದು 1950ರಲ್ಲಿ ಪುಸ್ತಕವಾಯಿತು. 1966ರಲ್ಲಿ ಇಂಗ್ಲಿಷಿನಲ್ಲಿ ಬಂದ ಮೇಲೆ ಜಗತ್ತೆಲ್ಲ ಅದರ ಬಗ್ಗೆ ಜಗಳವಾಡಿತು. ಹೆನ್ನಿಗ್ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ: ಹೋಲಿಕೆ ಎಷ್ಟಿದೆ ಎಂದು ಎಣಿಸಬೇಡಿ. ಯಾವ ಹೋಲಿಕೆ ಹೊಸದು ಎಂದು ಕೇಳಿ. ಇಬ್ಬರಲ್ಲೂ ಇರುವ, ಹಿರಿಯರಲ್ಲಿ ಇಲ್ಲದ ಹೊಸ ಗುಣ ಮಾತ್ರ ಅವರಿಬ್ಬರಿಗೂ ಹತ್ತಿರದ ಒಬ್ಬ ಪೂರ್ವಜ ಇದ್ದ ಎನ್ನಲು ಸಾಕ್ಷಿ.

ಈ ಮಾತು ಒಬ್ಬ ನೊಣದ ಪಂಡಿತನಿಗೆ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ ಅನಿಸುತ್ತದೆ ನನಗೆ. ಒಂದೇ ನೊಣಕ್ಕೆ ಎರಡು ಮೈ. ಮರಿಯಾಗಿದ್ದಾಗ ಕಾಲಿಲ್ಲದ ಹುಳು, ಬೆಳೆದ ಮೇಲೆ ಹಾರುವ ನೊಣ. ಮರಿಹುಳುಗಳನ್ನು ನೋಡಿ ಗುಂಪು ಮಾಡಿದರೆ ಒಂದು ಪಟ್ಟಿ ಬರುತ್ತದೆ, ಬೆಳೆದವನ್ನು ನೋಡಿ ಮಾಡಿದರೆ ಇನ್ನೊಂದು ಬರಬಹುದು. ಆದರೆ ವಂಶವೃಕ್ಷ ಒಂದೇ ಇರಬೇಕು. ಹೆನ್ನಿಗ್ ನೊಣದ ಮರಿಹುಳುಗಳ ಬಗ್ಗೆಯೇ ಮೂರು ಸಂಪುಟ ಬರೆದವರು. ಈ ಇಕ್ಕಟ್ಟು ಅವರ ಮೇಜಿನ ಮೇಲೆ ದಿನಾ ಇದ್ದದ್ದೇ.

ಹೊಸ ಗುಣ ಎಂದರೆ ಎಂಥದ್ದು? ನನಗೆ ಇಷ್ಟವಾದ ಒಂದನ್ನು ಹೇಳುತ್ತೇನೆ. ಮನೆನೊಣದ ಮರಿಹುಳು ಕೋಶವಾಗುವಾಗ ತನ್ನ ಕೊನೆಯ ಚರ್ಮವನ್ನು ಕಳಚಿ ಬಿಸಾಡುವುದಿಲ್ಲ. ಅದನ್ನೇ ಗಟ್ಟಿ ಮಾಡಿಕೊಂಡು ಕಂದು ಬಣ್ಣದ ಡಬ್ಬಿ ಮಾಡಿಕೊಳ್ಳುತ್ತದೆ. ಒಳಗೆ ನೊಣ ತಯಾರಾದ ಮೇಲೆ ಹೊರಗೆ ಬರುವುದು ಹೇಗೆ? ಕಚ್ಚಿ ತೆರೆಯಲು ಹಲ್ಲಿಲ್ಲ. ಆಗ ಅದು ಹಣೆಯಿಂದ ಒಂದು ಬಲೂನು ಊದುತ್ತದೆ! ನಿಜವಾಗಲೂ. ಮೀಸೆಯ ಮೇಲ್ಗಡೆ ಮುಖ ಸೀಳಿಕೊಂಡು ಒಂದು ಚೀಲ ಉಬ್ಬಿ ಬರುತ್ತದೆ. ಅದರಿಂದ ತಳ್ಳಿ ತಳ್ಳಿ ಡಬ್ಬಿಯ ಮುಚ್ಚಳ ಹಾರಿಸುತ್ತದೆ. ಕೆಲಸ ಮುಗಿದ ಮೇಲೆ ಚೀಲ ಒಳಗೆ ಹೋಗುತ್ತದೆ, ಮತ್ತೆಂದೂ ಹೊರಗೆ ಬರುವುದಿಲ್ಲ. ಆದರೆ ಸೀಳಿದ ಗುರುತು ಸಾಯುವವರೆಗೂ ಮುಖದ ಮೇಲೆ ಉಳಿಯುತ್ತದೆ. ಮೀಸೆಯ ಬುಡವನ್ನು ಕಮಾನಿನಂತೆ ಸುತ್ತುವರಿದ ಒಂದು ಗೆರೆ. ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. ಈ ಗೆರೆ ಇರುವ ಗುಂಪಿಗೆ ಸ್ಕಿಜೋಫೊರಾ ಎಂದು ಹೆಸರು, ಅಂದರೆ 'ಸೀಳು ಹೊತ್ತವರು'. ಮನೆನೊಣ, ಹಣ್ಣುನೊಣ, ರೇಷ್ಮೆಹುಳುವಿಗೆ ಕಾಟ ಕೊಡುವ ಊಜಿನೊಣ ಎಲ್ಲ ಇದರಲ್ಲೇ ಬರುತ್ತವೆ. 50,000ಕ್ಕೂ ಹೆಚ್ಚು ಜಾತಿ, ಎಲ್ಲರ ಹಣೆಯಲ್ಲೂ ಒಂದೇ ಬರಹ.

ಹಾಗೆಯೇ, ಇಲ್ಲದಿರುವುದನ್ನು ನೋಡಿ ಗುಂಪು ಮಾಡಿದರೆ ಎಂಥ ಎಡವಟ್ಟು ಎಂಬುದಕ್ಕೂ ನೊಣಗಳೇ ಒಳ್ಳೆಯ ಪಾಠ. ಬಾವಲಿಯ ತುಪ್ಪಳದಲ್ಲಿ ಬದುಕುವ ನಿಕ್ಟೆರಿಬಿಡೆ ಎಂಬ ಕುಟುಂಬವಿದೆ. ರೆಕ್ಕೆ ಇಲ್ಲ. ತಲೆಯನ್ನು ಬೆನ್ನಿನ ಮೇಲೆ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಉದ್ದ ಕಾಲು. ಚಿತ್ರ ತೋರಿಸಿದರೆ ಹತ್ತರಲ್ಲಿ ಒಂಬತ್ತು ಜನ ಜೇಡ ಎನ್ನುತ್ತಾರೆ. ಆದರೆ ರೆಕ್ಕೆ ಹೋದರೂ ಆ ಡೋಲಿನ ಕೋಲು ಮಾತ್ರ ಉಳಿದಿದೆ! ಹಾರುವ ಕೆಲಸವೇ ಇಲ್ಲದವನ ಬಳಿ ಹಾಲ್ಟೀರ್. ಇನ್ನೂ ಸ್ವಾರಸ್ಯ ಮುಂದಿದೆ. ಇದರ ಹೆಣ್ಣು ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳುವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಒಂದು ಗ್ರಂಥಿಯಿಂದ ಹಾಲಿನಂಥದ್ದು ಉಣಿಸಿ, ಪೂರ್ತಿ ಬೆಳೆಸಿ ಹೆರುತ್ತದೆ. ಹೊರಗೆ ಬಂದ ಮರಿ ಏನೂ ತಿನ್ನದೆ ಕೋಶವಾಗುತ್ತದೆ. ಇದೇ ಬಗೆಯ ಬಾಣಂತನ ಇನ್ನು ಯಾರದ್ದು? ಆಫ್ರಿಕಾದಲ್ಲಿ ನಿದ್ದೆರೋಗ ಹರಡುವ ತ್ಸೆತ್ಸೆ ನೊಣದ್ದು. ಕುದುರೆ, ಹಕ್ಕಿ, ಕುರಿಗಳ ಮೈಗೆ ಅಂಟಿಕೊಂಡಿರುವ ಚಪ್ಪಟೆ ನೊಣಗಳದ್ದು. ಒಂದು ಗಟ್ಟಿಮುಟ್ಟಾಗಿ ಹಾರುತ್ತದೆ, ಒಂದಕ್ಕೆ ರೆಕ್ಕೆಯೇ ಇಲ್ಲ. ನೋಡಿದರೆ ಸಂಬಂಧವೇ ಇಲ್ಲ. ಆದರೂ ಒಂದೇ ಬಳಗ. ಡಿಎನ್‌ಎ ಕೂಡ ಅದನ್ನೇ ಹೇಳಿತು.

ಜೇನುಹೇನಿನ ಕಥೆ ಇನ್ನೂ ಕಷ್ಟದ್ದು. ಬ್ರೌಲಾ ಎಂದು ಅದರ ಹೆಸರು. ಅದಕ್ಕೆ ರೆಕ್ಕೆಯೂ ಇಲ್ಲ, ಹಾಲ್ಟೀರೂ ಇಲ್ಲ. ಕಣ್ಣು ಇದ್ದೂ ಇಲ್ಲದ ಹಾಗೆ. ಕಾಲಿನ ತುದಿಯಲ್ಲಿ ಬಾಚಣಿಗೆಯಂಥ ಉಗುರು, ಜೇನಿನ ಕೂದಲು ಹಿಡಿದುಕೊಳ್ಳಲು. ರಾಣಿ ಜೇನಿನ ಮೇಲೆ ಕೂರುವುದೆಂದರೆ ಅದಕ್ಕೆ ಜಾಸ್ತಿ ಇಷ್ಟ. ಜೇನಿನ ಬಾಯಿಂದಲೇ ಆಹಾರ ಕದ್ದು ತಿನ್ನುತ್ತದೆ. ನೊಣ ಎನ್ನಲು ಬೇಕಾದ ಗುರುತುಗಳನ್ನೆಲ್ಲ ಒಂದೊಂದಾಗಿ ಕಳಚಿಟ್ಟುಬಿಟ್ಟಿದೆ. ಸಿಕ್ಕಿಬಿದ್ದದ್ದು ಮರಿಯ ಮೂಲಕ. ತಟ್ಟಿಯ ಮೇಣದ ಮುಚ್ಚಳದಲ್ಲಿ ಸುರಂಗ ಕೊರೆಯುವ ಅದರ ಮರಿ ಸಾಕ್ಷಾತ್ ನೊಣದ ಮರಿಹುಳು. ನೊಣ ಸರಿ, ಆದರೆ ಯಾವ ನೊಣದ ಹತ್ತಿರ? ಅದನ್ನು ಒಬ್ಬೊಬ್ಬರು ಒಂದೊಂದು ಕಡೆ ಇಟ್ಟರು. 2011ರಲ್ಲಿ ಸುಮಾರು 150 ಕುಟುಂಬಗಳ ನೊಣಗಳನ್ನು ಸೇರಿಸಿ, ಡಿಎನ್‌ಎ ಮತ್ತು ಮೈಗುರುತು ಎರಡನ್ನೂ ಹಿಡಿದು ದೊಡ್ಡದೊಂದು ವಂಶವೃಕ್ಷ ಕಟ್ಟಿದಾಗ ಬ್ರೌಲಾ ಹೋಗಿ ಕೂತದ್ದು ಡ್ರೊಸೊಫಿಲಾದ ಪಕ್ಕ. ಕಳಿತ ಹಣ್ಣಿನ ಮೇಲೆ ಸುತ್ತುವ, ಪ್ರಪಂಚದ ಎಲ್ಲ ಜೀನ್ ಪ್ರಯೋಗಶಾಲೆಗಳಲ್ಲೂ ಬಾಟಲಿಯಲ್ಲಿ ಬೆಳೆಯುವ ಆ ಪುಟ್ಟ ನೊಣದ ಪಕ್ಕ! ಇದನ್ನು ಓದಿದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಯಾರಿಗೂ ಏನೂ ಅನಿಸಲಿಲ್ಲ.

ಡಿಎನ್‌ಎ ಓದಲು ಬರುವ ಮೊದಲೇ ಹಣ್ಣುನೊಣದ ವಂಶವೃಕ್ಷ ಬರೆದವರಿದ್ದರು. 1936ರಲ್ಲಿ ಸ್ಟರ್ಟೆವಂಟ್ ಮತ್ತು ಡೋಬ್‌ಜಾನ್‌ಸ್ಕಿ ಎಂಬ ತಳಿವಿಜ್ಞಾನಿಗಳು ಮಾಡಿದ ಕೆಲಸ ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಈ ನೊಣದ ಮರಿಯ ಜೊಲ್ಲು ಗ್ರಂಥಿಯಲ್ಲಿ ಕ್ರೋಮೋಸೋಮು ದೈತ್ಯ ಗಾತ್ರಕ್ಕೆ ಬೆಳೆದಿರುತ್ತದೆ. ಸೀರೆಯ ಅಂಚಿನ ಹಾಗೆ ಅಡ್ಡಪಟ್ಟೆಗಳು ಕಾಣುತ್ತವೆ. ಕೆಲವು ನೊಣಗಳಲ್ಲಿ ಒಂದು ತುಂಡು ತಿರುಗಿ ತಲೆಕೆಳಗಾಗಿ ಕೂತಿರುತ್ತದೆ. ಅಕ್ಷರದಲ್ಲಿ ಹೇಳುತ್ತೇನೆ. ಒಂದು ನೊಣದಲ್ಲಿ ಕ-ಚ-ಟ-ತ-ಪ-ಯ ಎಂದಿದೆ ಅನ್ನಿ. ಇನ್ನೊಂದರಲ್ಲಿ ಕ-ತ-ಟ-ಚ-ಪ-ಯ. ಮೂರನೆಯದರಲ್ಲಿ ಕ-ತ-ಪ-ಚ-ಟ-ಯ. ಮೊದಲಿನದರಿಂದ ಎರಡನೆಯದಕ್ಕೆ ಒಂದೇ ತಿರುವು ಸಾಕು: 'ಚಟತ' ತಿರುಗಿ 'ತಟಚ' ಆಯಿತು. ಎರಡರಿಂದ ಮೂರಕ್ಕೂ ಒಂದೇ: 'ಟಚಪ' ತಿರುಗಿ 'ಪಚಟ'. ಆದರೆ ಮೊದಲಿನದರಿಂದ ಮೂರಕ್ಕೆ ನೇರ ಹೋಗಲು ಆಗುವುದಿಲ್ಲ. ಬೇಕಾದರೆ ಕಾಗದದ ಮೇಲೆ ಬರೆದು ನೋಡಿ. ಅಂದರೆ ಎರಡನೆಯದು ನಡುವಿನ ಮನೆ. ಹೀಗೆ ಕೊಂಡಿ ಹಾಕುತ್ತ ಹೋದಾಗ ಒಂದು ಕಡೆ ನಡುವಿನ ಜೋಡಣೆ ಇರಲೇಬೇಕು ಎಂದು ಲೆಕ್ಕ ಹೇಳಿತು, ಆದರೆ ಅಂಥ ನೊಣ ಸಿಕ್ಕಿರಲಿಲ್ಲ. ಅವರು ಆ ಜಾಗ ಖಾಲಿ ಬಿಡದೆ 'ಹೈಪೊಥೆಟಿಕಲ್' ಎಂದೇ ಹೆಸರಿಟ್ಟು ಕೂರಿಸಿದರು. ಯಾವ ತುದಿ ಹಳೆಯದು ಎಂದು ಮಾತ್ರ ಈ ಸರಪಳಿ ಒಂದೇ ಹೇಳುವುದಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಕು. ಮುಂದೆ ಹ್ಯಾಂಪ್ಟನ್ ಕಾರ್ಸನ್ ಹವಾಯಿಯ ಚಿತ್ತಾರದ ರೆಕ್ಕೆಯ ಹಣ್ಣುನೊಣಗಳ ಸುಮಾರು ನೂರು ಜಾತಿಗಳನ್ನು ಇದೇ ಪಟ್ಟೆಗಳಿಂದ ಜೋಡಿಸಿದರು. ಅಲ್ಲಿ ದ್ವೀಪಗಳ ವಯಸ್ಸೇ ಸಾಕ್ಷಿಯಾಗಿ ಒದಗಿತು. ನೊಣಗಳು ಹೆಚ್ಚಾಗಿ ಹಳೆಯ ದ್ವೀಪದಿಂದ ಹೊಸ ದ್ವೀಪಕ್ಕೆ ದಾಟಿದ್ದವು.

ಈಗ ಡಿಎನ್‌ಎ ಓದುವುದು ಸಲೀಸಾಗಿದೆ. ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಸ್ಟ್ರೆಪ್ಸಿಪ್ಟೆರಾ ಎಂಬ ಕೀಟಗಳಿಗೆ ಹಾಲ್ಟೀರಿನಂಥ ಗುಂಡುಕಡ್ಡಿ ಇದೆ, ಆದರೆ ಮುಂದಿನ ರೆಕ್ಕೆಯ ಜಾಗದಲ್ಲಿ. 1990ರ ದಶಕದಲ್ಲಿ ಡಿಎನ್‌ಎ ನೋಡಿ ಇವು ನೊಣಗಳ ಒಡಹುಟ್ಟು ಎಂದರು. ವರ್ಷಗಟ್ಟಲೆ ಜಗಳವಾಯಿತು. ಬೇಗ ಬೇಗ ಬದಲಾದ ಎರಡು ವಂಶಗಳಲ್ಲಿ ಆಕಸ್ಮಿಕವಾಗಿಯೇ ಒಂದೇ ಅಕ್ಷರ ಬಂದು ಕೂರುತ್ತದೆ, ಲೆಕ್ಕಕ್ಕೆ ಅದು ನೆಂಟಸ್ತಿಕೆಯಂತೆ ಕಾಣುತ್ತದೆ. ಇಡೀ ಜೀನೋಮು ಓದಿದ ಮೇಲೆ, 2012ರಲ್ಲಿ, ಅವು ಜೀರುಂಡೆಗಳ ಪಕ್ಕಕ್ಕೆ ಹೋದವು. ಡಿಎನ್‌ಎ ಕೂಡ ವೇಷ ಹಾಕುತ್ತದೆ, ನನ್ನ ಹಳದಿ ಪಟ್ಟೆಯ ನೊಣದ ಹಾಗೆ.

ಜಾತಿ ಎಷ್ಟು ಎಂಬ ಲೆಕ್ಕವೂ ಅಲುಗಾಡುತ್ತಲೇ ಇರುತ್ತದೆ. ಆಫ್ರಿಕಾದ ಹಣ್ಣಿನ ಬೆಳೆಗೆ ನುಗ್ಗಿದ ಒಂದು ನೊಣಕ್ಕೆ 2005ರಲ್ಲಿ ಬ್ಯಾಕ್ಟ್ರೊಸೆರಾ ಇನ್ವೇಡೆನ್ಸ್ ಎಂದು ಹೊಸ ಹೆಸರಿಟ್ಟರು. 2015ರಲ್ಲಿ, ಇದು ಏಷ್ಯಾದ ಹಳೆಯ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ತಾನೇ ಎಂದು ಹೆಸರು ಅಳಿಸಿದರು. ಅತ್ತ ಗಂಟುನೊಣಗಳೆಂಬ, ತೀರಾ ಸಣ್ಣವುಗಳ ಡಿಎನ್‌ಎ ತುಣುಕು ಓದಿದಾಗ ಬರೀ ಕೆನಡಾದಲ್ಲೇ ಸುಮಾರು 16,000 ಜಾತಿ ಇರಬಹುದು ಎಂಬ ಅಂದಾಜು 2016ರಲ್ಲಿ ಬಂತು. ಒಂದು ಕಡೆ ಅಳಿಸು, ಇನ್ನೊಂದು ಕಡೆ ಬರೆ.

ಹೆಸರಿನ ಪಾಡು ನೋಡಬೇಕೆಂದರೆ ಮತ್ತೆ ಡ್ರೊಸೊಫಿಲಾಗೇ ಬರಬೇಕು. ವಂಶವೃಕ್ಷ ಸರಿಯಾಗಿ ಬರೆದ ಮೇಲೆ ಗೊತ್ತಾದದ್ದು, ಈ ಕುಲವೂ ಒಂದು ಚೀಲವೇ. 1,500ಕ್ಕೂ ಹೆಚ್ಚು ಜಾತಿಗಳ ನಡುವೆ ಬೇರೆ ಕುಲಗಳೂ ಹುದುಗಿಕೊಂಡಿವೆ. ಕುಲವನ್ನು ಒಡೆಯಬೇಕು. ಒಡೆದರೆ ಹಳೆಯ ಹೆಸರು ಯಾರಿಗೆ? ನಿಯಮ ಸ್ಪಷ್ಟ: ಕುಲದ ಮಾದರಿ ಜಾತಿ ಯಾವ ಕಡೆ ಹೋಗುತ್ತದೋ ಹೆಸರೂ ಆ ಕಡೆಗೆ. ಮಾದರಿ ಜಾತಿ ಡ್ರೊಸೊಫಿಲಾ ಫ್ಯೂನೆಬ್ರಿಸ್. ಪ್ರಯೋಗಶಾಲೆಯ ಮೆಲನೊಗ್ಯಾಸ್ಟರ್ ಇರುವುದು ಇನ್ನೊಂದು ಕಡೆ. ಅದು ಸೊಫೊಫೊರಾ ಎಂಬ ಬೇರೆ ಕುಲಕ್ಕೆ ಹೋಗಿ ಸೊಫೊಫೊರಾ ಮೆಲನೊಗ್ಯಾಸ್ಟರ್ ಆಗಿಬಿಡಬೇಕಿತ್ತು! ನೂರು ವರ್ಷದ ಸಾವಿರಾರು ಪ್ರಬಂಧಗಳ ನೊಣ ತನ್ನ ಹೆಸರನ್ನೇ ಕಳೆದುಕೊಳ್ಳುವ ಸ್ಥಿತಿ. ಮೆಲನೊಗ್ಯಾಸ್ಟರನ್ನೇ ಮಾದರಿ ಮಾಡಿ ಎಂದು 2007ರಲ್ಲಿ ಪ್ರಾಣಿಗಳ ಹೆಸರು ನೋಡಿಕೊಳ್ಳುವ ಅಂತರರಾಷ್ಟ್ರೀಯ ಆಯೋಗಕ್ಕೆ ಅರ್ಜಿ ಹೋಯಿತು. 2010ರಲ್ಲಿ ಆಯೋಗ ಒಪ್ಪಲಿಲ್ಲ. ಅಲ್ಲಿಗೆ ಎಲ್ಲರೂ ಮಾಡಿದ್ದೇನು ಗೊತ್ತಾ? ಕುಲವನ್ನು ಒಡೆಯುವುದನ್ನೇ ಹೆಚ್ಚುಕಡಿಮೆ ಮುಂದೂಡಿಬಿಟ್ಟರು. ಚೀಲ ಚೀಲವಾಗಿಯೇ ಇದೆ. ನನಗೆ ಕೇಳಿದರೆ, ಅದೇ ಸರಿ. ನಾವೇನು ಜೇನುನೊಣ ಎನ್ನುವುದನ್ನು ಬಿಟ್ಟಿದ್ದೇವಾ?

ಈಚೆಗೆ ಕಿಟಕಿಯ ಗಾಜಿನ ಬುಡದಲ್ಲಿ ಎರಡು ಮಿಲಿಮೀಟರಿನ ಒಂದು ನೊಣ ಸಿಕ್ಕಿತು. ಹಣೆಯಲ್ಲಿ ಸೀಳಿನ ಗೆರೆ ಇತ್ತು, ಅಂದರೆ ಸ್ಕಿಜೋಫೊರಾ. ಅಲ್ಲಿಂದ ಮುಂದೆ ಕುಟುಂಬ ಹುಡುಕುವ ಕೀಲಿ ಪುಸ್ತಕ ಹಿಡಿದು ಒಂದೊಂದೇ ಪ್ರಶ್ನೆ ದಾಟುತ್ತ ಹೋದೆ. ರೆಕ್ಕೆಯ ಅಂಚಿನ ನರ ಎಲ್ಲಾದರೂ ತುಂಡಾಗಿದೆಯಾ? ಬಾಯಿಯ ಪಕ್ಕ ದಪ್ಪ ಬಿರುಗೂದಲಿದೆಯಾ? ಎಲ್ಲ ಸಲೀಸು. ಆಮೇಲೆ ಬಂತು: ನೆತ್ತಿಯ ಮೂರು ಚುಕ್ಕೆ ಕಣ್ಣುಗಳ ಹಿಂದಿರುವ ಎರಡು ಕೂದಲು ಒಂದರ ಕಡೆ ಒಂದು ಬಾಗಿವೆಯೋ, ದೂರ ಬಾಗಿವೆಯೋ? ಲೆನ್ಸ್ ಹತ್ತಿರ ತಂದೆ, ದೀಪ ತಿರುಗಿಸಿದೆ. ಎರಡೂ ಕೂದಲು ಮುರಿದು ಹೋಗಿದ್ದವು. ಬಹುಶಃ ನಾನೇ ಚಿಮಟಿಗೆಯಲ್ಲಿ ಎತ್ತುವಾಗ. ಕೂದಲು ಇದ್ದ ಕಡೆ ಎರಡು ದುಂಡನೆಯ ಗುಳಿ ಮಾತ್ರ ಇವೆ. ಇತ್ತು ಎಂದು ಹೇಳುತ್ತವೆ, ಯಾವ ಕಡೆ ಬಾಗಿತ್ತು ಎಂದು ಹೇಳುವುದಿಲ್ಲ. ಸೂಜಿಗೆ ಚೀಟಿ ಚುಚ್ಚಿ, ಅದರ ಮೇಲೆ ದಿನಾಂಕವನ್ನಷ್ಟೇ ಬರೆದಿಟ್ಟಿದ್ದೇನೆ.